ಪಕ್ಕಕ್ಕೆ ನೋಡುವವರು

ಸೆಪ್ಟೆಂಬರ್ 10, 2019, ಮಂಗಳವಾರ.
ಗೈರಾಂಗರ್ ಫ್ಯೋರ್ಡಿನಲ್ಲಿ ಲಂಗರು ಹಾಕಿದ ಹಡಗಿನಿಂದ. ಮಧ್ಯಾಹ್ನದ ಊಟ ಮುಗಿದಿದೆ, ಮಳೆ ನಿಂತಿದೆ. ಸಂಜೆ ಲಂಗರು ಎತ್ತುತ್ತಾರೆ.

ಪ್ರೀತಿಯ ಅಕ್ಕ ಬೊರ್ಗ್‌ಹಿಲ್ಡ್,

ನಿನ್ನ ಕಾಗದ ಬೇಸಿಗೆಯಲ್ಲೇ ಬಂತು. ಉತ್ತರ ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ಬೈಯಬೇಡ. ಅಥವಾ ಬೈದೇಬಿಡು, ಬೈಸಿಕೊಂಡ ಮೇಲೆ ನನಗೆ ಬರೆಯುವುದು ಸುಲಭವಾಗುತ್ತದೆ. "ನಿನ್ನ ಕಾಗದ ಬಂತು ಅಂದ್ರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಚೆನ್ನಾಗಿದ್ದಾಗ ನಿಂಗೆ ಅಕ್ಕ ಎಲ್ಲಿ ನೆನಪಾಗ್ತಾಳೆ" ಎಂದು ಕೊನೆಯಲ್ಲಿ ಬರೆದಿದ್ದೆಯಲ್ಲ, ಅದನ್ನು ಸುಳ್ಳು ಮಾಡಬೇಕೆಂದು ಎರಡು ಸಲ ಬರೆಯಲು ಕುಳಿತೆ. ಎರಡು ಸಲವೂ ಹವಾಮಾನದ ವರದಿಯಷ್ಟೇ ಆಯಿತು. ಹರಿದು ಹಾಕಿದೆ. ಇವತ್ತು ನಿನ್ನ ಮಾತೇ ನಿಜವಾಗಿದೆ.

ನಿನ್ನ ಹಣ್ಣಿನ ಜಾಮ್ ಹಡಗಿಗೂ ತಂದಿದ್ದೇನೆ. ಇಲ್ಲಿ ಪ್ರಯಾಣಿಕರಿಗೆ ಬಡಿಸುವುದನ್ನು ನೋಡಿದರೆ ನೀನು ನಗುತ್ತೀಯೆ. ನೂರು ಬಗೆ, ಒಂದಕ್ಕೂ ಉಪ್ಪಿನ ರುಚಿಯಿಲ್ಲ. ಹಡಗಂತೂ ನಮ್ಮ ದ್ವೀಪದ ಚರ್ಚಿನ ಗೋಪುರಕ್ಕಿಂತ ಎತ್ತರ. ನಮ್ಮೂರಿನವರನ್ನೆಲ್ಲ ತಂದು ಕೂರಿಸಿದರೂ ಒಂದು ಊಟದ ಕೋಣೆ ತುಂಬಲಿಕ್ಕಿಲ್ಲ. ಬರ್ಗನ್ನಿನಲ್ಲಿ ಹಳೆಯ ಮರದ ವ್ಯಾಪಾರಿ ಮನೆಗಳ ಎದುರು ನಿಂತಾಗ ಆ ಮನೆಗಳೇ ಆಟದ ಸಾಮಾನಿನ ಹಾಗೆ ಕಂಡವು. ಅಮೆರಿಕದ ಒಬ್ಬ ಮುದುಕಿ ಲಿಫ್ಟಿನಲ್ಲಿ ನನ್ನ ಕೋಟಿನ ಮೇಲಿನ ಪಟ್ಟಿ ಓದಿ, "ನೀವು ಪೈಲಟ್ಟಾ? ಮತ್ತೆ ವಿಮಾನ ಎಲ್ಲಿಟ್ಟಿದೀರಿ?" ಎಂದಳು. "ನಾನು ನೀರಿನವನು ಅಮ್ಮಾ" ಎಂದೆ. "ಹಡಗು ಕ್ಯಾಪ್ಟನ್ನಂದು. ಬಂಡೆ ತಪ್ಪಿಸಿ ದಾರಿ ಹೇಳೋದಷ್ಟೇ ನಂದು." ಅವಳು ಸ್ವಲ್ಪ ಯೋಚಿಸಿ, "ಹಾಗಾದ್ರೆ ನಾನು ರಾತ್ರಿ ನಿದ್ದೆ ಮಾಡೋದು ನಿಮ್ಮ ಭರವಸೆ ಮೇಲೆ" ಎಂದು ನನ್ನ ಕೈ ಹಿಡಿದು ಕುಲುಕಿದಳು. ಅಪ್ಪ ಇದನ್ನು ಕೇಳಿದ್ದರೆ ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದ.

ದೂರದ ದಾರಿಯಾದ್ದರಿಂದ ನಾವು ಇಬ್ಬರು ಪೈಲಟ್‌ಗಳಿದ್ದೇವೆ, ಸರದಿಯಲ್ಲಿ ನಿಲ್ಲುತ್ತೇವೆ. ಇನ್ನೊಬ್ಬಳು ಒಡ್‌ರುನ್. ಹಿಂದೆ ನಿನಗೆ ಬರೆದಿದ್ದೆ: ಕೆಂಪು ಕೂದಲಿನವಳು, ನನಗಿಂತ ಬಹಳ ಚಿಕ್ಕವಳು, ಬಾಯಿ ಮಾತ್ರ ನಮ್ಮ ಅಜ್ಜಿಯದು. ಕ್ಯಾಪ್ಟನ್ ಪೋರ್ಚುಗಲ್ಲಿನವನು, ತೆಲೆಸ್ ಎಂದು ಹೆಸರು. ಸಭ್ಯ ಮನುಷ್ಯ, ಶಿಸ್ತಿನಲ್ಲಿ ಗಟ್ಟಿ.

ಇವತ್ತು ಬೆಳಗ್ಗೆ ಒಡ್‌ರುನ್ ಸರದಿ. ನಾನು ಮಲಗಿರಬೇಕಿತ್ತು. ನಿನ್ನೆ ಸಂಜೆಯ ಒಂದು ಸಂಗತಿ ಮನಸ್ಸಿನಲ್ಲಿ ಕೊರೆಯುತ್ತಿತ್ತು, ನಿದ್ದೆ ಹತ್ತಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ. ಎದ್ದು ಮೇಲಿನ ಚುಕ್ಕಾಣಿ ಕೋಣೆಗೆ ಹೋದೆ.

ಅಕ್ಕ, ಬೆಟ್ಟಗಳ ನಡುವೆ ನುಗ್ಗಿದ ಈ ಕಡಲ ಓಣಿಗೆ, ಈ ಫ್ಯೋರ್ಡಿಗೆ, ನಾನು ಎಷ್ಟು ಸಲ ಬಂದಿದ್ದೇನೆಂದು ನನಗೇ ಗೊತ್ತಿಲ್ಲ. ಬಂದಾಗಲೆಲ್ಲ ನೋಡಿದ್ದು ನೀರನ್ನು, ಗಾಳಿಯನ್ನು, ಮುಂದಿನ ತಿರುವನ್ನು. ಬೆಟ್ಟಗಳನ್ನು ನೋಡಿದ್ದು ಅವು ಎಷ್ಟು ದೂರದಲ್ಲಿವೆ ಎಂದು ತಿಳಿಯಲು ಮಾತ್ರ. ಇವತ್ತು ನನಗೆ ಕೆಲಸವಿರಲಿಲ್ಲ. ಸುಮ್ಮನೆ ನಿಂತೆ. ತಿರುವು ದಾಟಿದ್ದೇ ಎರಡೂ ಬದಿಯ ಬಂಡೆಗಳು ಎದ್ದು ನಿಂತವು. ಎದ್ದು ನಿಂತವು ಎಂದೇ ಬರೆಯುತ್ತೇನೆ. ಅಲ್ಲಿಯವರೆಗೆ ಕುಳಿತಿದ್ದವು, ನಮ್ಮನ್ನು ಕಂಡು ಎದ್ದವು ಅನ್ನಿಸಿತು. ಬಿಡದೆ ಸುರಿದ ಮಳೆಗೆ, ಎಂದೂ ನೀರು ಕಾಣದ ಬಿರುಕುಗಳಲ್ಲೂ ನೀರು ಇಳಿಯುತ್ತಿತ್ತು. ಒಂದೊಂದು ಧಾರೆಯ ತುದಿ ಮೋಡದೊಳಗೆ, ಬುಡ ನಮ್ಮ ಹಡಗಿನ ಪಕ್ಕದಲ್ಲಿ. ಎಲ್ಲಿಂದ ಬೀಳುತ್ತಿದೆ ಎಂದು ತಲೆ ಎತ್ತಿದರೆ ಕತ್ತು ಸಾಲದು. ನಡುವೆ, ಬಂಡೆಯ ಒಂದು ಹಲಗೆಯಂಥ ಜಾಗದಲ್ಲಿ, ಆ ಹಳೆಯ ಒಕ್ಕಲು ಮನೆ ಹುಲ್ಲು ಹೊದ್ದುಕೊಂಡು ಕೂತಿತ್ತು. ಅಲ್ಲಿನ ತಾಯಂದಿರು ಮಕ್ಕಳು ಜಾರಿ ಬೀಳದ ಹಾಗೆ ಸೊಂಟಕ್ಕೆ ಹಗ್ಗ ಕಟ್ಟಿ ಅಂಗಳಕ್ಕೆ ಬಿಡುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದಳಲ್ಲ, ನಾನು ಅದನ್ನು ಅರ್ಧ ನಂಬಿದ್ದೆ. ಇವತ್ತು ಪೂರ್ತಿ ನಂಬಿದೆ.

ಕೆಳಗಿನ ಡೆಕ್ಕುಗಳಲ್ಲಿ ಅಷ್ಟೊಂದು ಜನ, ಒಂದು ಮಾತಿಲ್ಲ. ನೀರಿನ ಸದ್ದು ಮಾತ್ರ. ಆ ಸದ್ದು ಒಂದು ಬಂಡೆಯಿಂದ ಇನ್ನೊಂದಕ್ಕೆ ಹೋಗಿ ತಿರುಗಿ ಬರುತ್ತಿತ್ತು. ಭೂಮಿಯನ್ನೆಲ್ಲ ಸುತ್ತಿದ ತೆಲೆಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇದನ್ನ ದೇವರು ಮಾಡಿದ್ದಾ, ಇಲ್ಲಾ ದೇವರು ಬರೋಕೆ ಮುಂಚೆನೇ ಇತ್ತಾ?" ಎಂದ ಮೆಲ್ಲಗೆ.

"ಮಂಜುಗಡ್ಡೆ ಮಾಡಿದ್ದು, ಕ್ಯಾಪ್ಟನ್" ಎಂದಳು ಒಡ್‌ರುನ್. ಹಿಂದೆಯೇ ಚುಕ್ಕಾಣಿ ಹಿಡಿದವನಿಗೆ, "ಬಲಕ್ಕೆ ಐದು ಡಿಗ್ರಿ."

ಆಮೇಲೆ ಏಳು ಅಕ್ಕತಂಗಿಯರ ಜಲಪಾತ ಬಂತು. ಏಳೂ ಧಾರೆಗಳು ತುಂಬಿ ಇಳಿಯುತ್ತಿದ್ದವು; ಇಷ್ಟು ಮೈದುಂಬಿದ್ದನ್ನು ನಾನು ನೋಡಿರಲಿಲ್ಲ. ನೇರವಾಗಿ ನೋಡಿದೆ. ನಡುವಿನ ಇಬ್ಬರು ಇರಲಿಲ್ಲ. ಅವರಿರಬೇಕಾದ ಕಡೆ ಬೂದು ಬಣ್ಣದ ಒಂದು ಮಬ್ಬು. ಮೋಡ ಅಡ್ಡ ಬಂದಿರಬೇಕೆಂದುಕೊಂಡು ಕಣ್ಣನ್ನು ಪಕ್ಕದ ಬಂಡೆಯ ಕಡೆ ಸರಿಸಿದೆ. ಇಬ್ಬರೂ ಬಂದರು, ಬೆಳ್ಳಗೆ, ಒಂದೊಂದು ಎಳೆಯೂ ಬೇರೆ ಬೇರೆಯಾಗಿ. ಮತ್ತೆ ನೇರ ನೋಡಿದೆ. ಹೋದರು. ನಿನಗೆ ಇದು ವಿಚಿತ್ರ ಅನ್ನಿಸಬಹುದು, ಆದರೆ ನನಗೆ ಹೆದರಿಕೆಗಿಂತ ಮೊದಲು ಬಂದದ್ದು ಬೆರಗು. ಅಷ್ಟು ದೊಡ್ಡದನ್ನು ನನ್ನ ಕಣ್ಣಿನ ಒಂದು ಚುಕ್ಕೆ ಅಳಿಸುತ್ತದೆ, ಕಣ್ಣು ಸರಿಸಿದರೆ ಅದು ಒಂದಿಷ್ಟೂ ಸವೆಯದೆ ತಿರುಗಿ ಬರುತ್ತದೆ. ಅದು ಅಲ್ಲೇ ಇತ್ತು. ಇಲ್ಲದ್ದು ನಾನು.

ನಾನು ಹೀಗೆ ಮಾಡುತ್ತಿದ್ದುದನ್ನು ಒಡ್‌ರುನ್ ನೋಡಿದಳು.

"ಏನ್ ಮುದುಕಪ್ಪಾ, ಕಡಲಹಕ್ಕಿ ಮೀನು ನೋಡೋ ಹಾಗೆ ಕತ್ತು ಓರೆ ಮಾಡ್ಕೊಂಡು ನೋಡ್ತಿದೀಯಾ? ಆ ನೀರೇನು ಎದ್ದು ಓಡಿಹೋಗುತ್ತಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಿರುವಾಗಲೇ ನಮ್ಮ ಅಡುಗೆಮನೆಯ ಮೇಜು ನೆನಪಾಯಿತು. ಅಪ್ಪ ಊಟಕ್ಕೆ ಕೂತಾಗ ಕತ್ತು ಓರೆ ಮಾಡಿ ಆಲೂಗಡ್ಡೆ ಹುಡುಕುತ್ತಿದ್ದ. ಅವನ ಬೆನ್ನ ಹಿಂದೆ ನೀನೂ ನಾನೂ ಅದೇ ಥರ ಕತ್ತು ತಿರುಗಿಸಿ ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಅಮ್ಮ ಸೌಟಿನಿಂದ ಇಬ್ಬರಿಗೂ ಒಂದೊಂದು ಕೊಡುತ್ತಿದ್ದಳು.

ಕೋಣೆಗೆ ಬಂದು ಒಂದು ಕಣ್ಣು ಮುಚ್ಚಿ ಕಿಟಕಿಯ ನಡುಪಟ್ಟಿಯನ್ನು ನೋಡಿದೆ. ನೆಟ್ಟಗಿರುವ ಉಕ್ಕಿನ ಪಟ್ಟಿ, ನನಗೆ ನಡುವೆ ಬಾಗಿ ಕಂಡಿತು. ಇನ್ನೊಂದು ಕಣ್ಣಿಗೆ ಇನ್ನೂ ಹೆಚ್ಚು ಬಾಗಿತ್ತು.

ಇದು ಇಷ್ಟು ದಿನ ಹೇಗೆ ತಿಳಿಯಲಿಲ್ಲ ಎಂದು ನೀನು ಕೇಳುತ್ತೀಯೆ. ಅಪ್ಪ ಕಲಿಸಿದ ವಿದ್ಯೆಯಿಂದಲೇ ತಿಳಿಯಲಿಲ್ಲ. "ಮಸುಕು ದೀಪಾನ ಯಾವತ್ತೂ ನೇರ ನೋಡ್ಬಾರ್ದು ಕಣೋ. ಅದರ ಪಕ್ಕಕ್ಕೆ ನೋಡು, ಅದೇ ಬರುತ್ತೆ" ಎಂದು ನನ್ನನ್ನು ದೋಣಿಮನೆಯ ಮುಂದೆ ನಿಲ್ಲಿಸಿ ಹೇಳುತ್ತಿದ್ದ. ಅದು ನಿಜ, ಮುಸ್ಸಂಜೆಯಲ್ಲಿ ಕಣ್ಣಿನ ಅಂಚು ನಡುವಿಗಿಂತ ಚುರುಕು. ಕಡಲಿನವರೆಲ್ಲ ಹೀಗೇ ನೋಡುತ್ತೇವೆ. ವರ್ಷದಿಂದೀಚೆ ನಾನು ಹಗಲಿನಲ್ಲೂ ಪಕ್ಕಕ್ಕೆ ನೋಡುತ್ತಿದ್ದೆ, ಪುಸ್ತಕವನ್ನೂ, ಮುಖಗಳನ್ನೂ. ಅದನ್ನು ಅನುಭವವೆಂದುಕೊಂಡಿದ್ದೆ. ರೈತನೋ ಗುಮಾಸ್ತನೋ ಆಗಿದ್ದರೆ ಒಂದೇ ತಿಂಗಳಲ್ಲಿ ಡಾಕ್ಟರ ಬಳಿ ಓಡುತ್ತಿದ್ದೆ.

ಈಗ ನಿನ್ನೆಯ ಸಂಗತಿ.

ಸ್ಟಾದ್ ಭೂಶಿರ ದಾಟಿ ದ್ವೀಪಗಳ ಒಳಗೆ ಬರುವಾಗ ಮುಸ್ಸಂಜೆ. ನನ್ನ ಸರದಿ ಮುಗಿಯುವ ಹೊತ್ತು. ಹೊರಗಿನ ದೀಪಗಳನ್ನು ಕಂಡು ಕೂಗಿ ಹೇಳುವ ಕಾವಲಿಗೆ ಬಾಗಿಲ ಪಕ್ಕ ನಿಂತಿದ್ದವನು ರೊಡೆಲ್, ಫಿಲಿಪೀನ್ಸಿನವನು, ನಲವತ್ತು ದಾಟಿದವನು. ಆ ಜಾಗದ ದಾರಿ ತೋರುವ ದೀಪ ಮನೆಯಲ್ಲಿ ನಾವು ಬಾಯಿಪಾಠ ಮಾಡಿದಂಥದ್ದೇ: ಬಿಳಿ ಕಂಡರೆ ದಾರಿ ಸರಿ, ಕೆಂಪು ಕಂಡರೆ ಬಂಡೆಗಳ ಕಡೆ ಸರಿದಿದ್ದೀಯೆ. ನಾನು ನೋಡಿದೆ, ಬಿಳಿ ಇತ್ತು. ಕಂಪ್ಯೂಟರ್ ಪರದೆಯ ಮೇಲಿನ ನಕ್ಷೆಯನ್ನು ನೋಡುವ ಗೋಜಿಗೆ ಹೋಗಲಿಲ್ಲ. ಆ ಅಹಂಕಾರ ನಮ್ಮ ಮನೆತನದ್ದು, ನಿನಗೆ ಗೊತ್ತು. ಅಷ್ಟರಲ್ಲಿ ಸರದಿಗೆ ಬಂದ ಒಡ್‌ರುನ್ ಬಾಗಿಲಲ್ಲೇ ನಿಂತು, "ಬಲಕ್ಕೆ ಹತ್ತು! ಈಗಲೇ!" ಎಂದು ಕೂಗಿದಳು. ಹಡಗು ತಿರುಗಿತು. ನಾನು ಬಿಳಿ ಎಂದುಕೊಂಡದ್ದು ಮೀನು ಸಾಕುವವರ ತೆಪ್ಪದ ದೀಪ. ನಿಜವಾದ ದೀಪ ಅದರ ಪಕ್ಕದಲ್ಲೇ ಇತ್ತು, ಕೆಂಪಗೆ. ಅದು ನನಗೆ ಕಂಡಿರಲೇ ಇಲ್ಲ.

ಬಂಡೆಗೂ ನಮಗೂ ಇನ್ನೂ ಅಂತರವಿತ್ತು. ಪ್ರಯಾಣಿಕರಿಗೆ ಕಾಫಿ ಲೋಟ ಸ್ವಲ್ಪ ವಾಲಿದ್ದು ಗೊತ್ತಾಗಿರಬಹುದು, ಅಷ್ಟೇ. ನಾನು ರೊಡೆಲ್ ಕಡೆ ತಿರುಗಿದೆ.

"ಕೆಂಪು ಕಂಡ್ರೆ ಕೂಗ್ಬೇಕು ಅಂತ ಗೊತ್ತಿಲ್ವಾ? ನಿದ್ದೆ ಮಾಡ್ತಿದ್ದೆಯಾ?"

"ಕೂಗಿದೆ ಸರ್."

"ಸುಳ್ಳು ಹೇಳ್ಬೇಡ."

ಒಡ್‌ರುನ್ ಆಗಲೇ ಎದುರು ಬರುತ್ತಿದ್ದ ದೋಣಿಯೊಂದಿಗೆ ರೇಡಿಯೋದಲ್ಲಿದ್ದಳು. ತೆಲೆಸ್ ಬಂದು ನನ್ನನ್ನು ಹೊರಗೆ ಕರೆದು, "ಕಾವಲಿನವನು ಕೂಗಿದನಾ?" ಎಂದು ಒಂದೇ ಪ್ರಶ್ನೆ ಕೇಳಿದ. "ಇಲ್ಲ" ಎಂದೆ. ಅಕ್ಕ, ಇದನ್ನು ಸರಿಯಾಗಿ ಓದು. ನಾನು ಸುಳ್ಳು ಹೇಳುತ್ತಿರಲಿಲ್ಲ. ನನ್ನ ನೆನಪಿನಲ್ಲಿ ಕೂಗು ಇರಲೇ ಇಲ್ಲ.

ಇವತ್ತು ಲಂಗರು ಹಾಕಿದ ಮೇಲೆ, ತಿಂಡಿಯ ಹೊತ್ತಿಗೆ, ಒಡ್‌ರುನ್ ಕಂದು ಚೀಸಿನ ತಟ್ಟೆಯನ್ನು ನನ್ನ ಕಡೆ ತಳ್ಳಿ, ತಾನು ತಿನ್ನದೆ ಕೂತಳು.

"ರೊಡೆಲ್‌ನ ಕಾವಲಿಂದ ತೆಗೆದಿದಾರೆ. ಬಟ್ಟೆ ಒಗೆಯೋ ಕಡೆ ಹಾಕಿದಾರೆ. ಟ್ರಾಂಡ್‌ಹೈಮ್‌ನಲ್ಲಿ ಇಳಿಸಿ ಊರಿಗೆ ಕಳಿಸ್ತಾರಂತೆ, ಮತ್ತೆ ಯಾವ ಹಡಗೂ ತಗೊಳಲ್ಲ."

"ಕೂಗದಿದ್ರೆ ಮತ್ತಿನ್ನೇನು ಮಾಡ್ತಾರೆ?"

ಅವಳು ನನ್ನನ್ನೇ ನೋಡಿದಳು. "ಐಲರ್ಟ್, ಅವನು ಎರಡು ಸಲ ಕೂಗಿದ. ಒಂದು ಸಲ ನಾನಿನ್ನೂ ಮೆಟ್ಟಿಲ ಮೇಲಿದ್ದೆ, ಅಲ್ಲಿಗೆ ಕೇಳಿಸ್ತು. ನೀನು ಅವನ ಪಕ್ಕದಲ್ಲೇ ಇದ್ದೆ."

ನಾನು ತಟ್ಟೆಯನ್ನು ತಿರುಗಿ ಅವಳ ಕಡೆಗೇ ತಳ್ಳಿದೆ.

"ನಿನ್ನೆ ಬೈದೆಯಲ್ಲ, ಅದು ಗಾಬರಿಯಲ್ಲಿ ಬಂದ ಮಾತು ಅಂದ್ಕೊಂಡೆ. ಕ್ಯಾಪ್ಟನ್ ಹತ್ರಾನೂ ಅದನ್ನೇ ಹೇಳಿದೀಯ ಅಂತ ನಂಗೇನು ಗೊತ್ತು? ಕಣ್ಣಿಗೆ ಏನಾಗಿದೆ ನಿಂಗೆ?"

"ಏನಿಲ್ಲ" ಎಂದೆ. ಆಮೇಲೆ, "ನಡುವೆ ಕಾಣಲ್ಲ" ಎಂದೆ.

ಅವಳು ಕಾಫಿ ಲೋಟ ಪಕ್ಕಕ್ಕಿಟ್ಟಳು. ಅವಳ ಬಾಯಿಗೆ ತಮಾಷೆ ಬರದೆ ಹೋದದ್ದನ್ನು ನಾನು ಮೊದಲ ಸಲ ಕಂಡೆ. "ನೀನೇ ನಂಗೆ ಈ ನೀರು ಕಲಿಸಿದವನು. ಸಂಜೆ ಲಂಗರು ಎತ್ತೋದ್ರೊಳಗೆ ನೀನೇ ಹೋಗಿ ಹೇಳು. ನಿನ್ನ ಬದಲು ನಾನು ಹೇಳೋ ಹಾಗೆ ಮಾಡ್ಬೇಡ, ದಮ್ಮಯ್ಯ."

ಅಲ್ಲಿಂದ ಬರುವಾಗ ಹಾದಿಯಲ್ಲಿ ರೊಡೆಲ್ ಎದುರಾದ. ತೋಳು ತುಂಬ ಹಾಸಿಗೆಯ ಬಟ್ಟೆ. ಗೋಡೆಗೆ ಸರಿದು ನನಗೆ ದಾರಿ ಬಿಟ್ಟ. "ಕ್ಷಮಿಸಿ ಸರ್" ಎಂದ. "ನನ್ನ ದನಿ ಸಣ್ಣದು. ಮನೆಯಲ್ಲೂ ಹೆಂಡತಿ ಹೇಳ್ತಾಳೆ." ಬೆಳಗಾಗುವಷ್ಟರಲ್ಲಿ ಅವನೇ ನನ್ನ ಮಾತನ್ನು ನಂಬತೊಡಗಿದ್ದ. ನಾನು ಅವನ ತೋಳಿನಿಂದ ಜಾರುತ್ತಿದ್ದ ಒಂದು ದಿಂಬಿನ ಚೀಲವನ್ನು ಮೇಲಕ್ಕೆ ಸರಿಸಿ ಬಂದೆ.

ಹೇಳಿದರೆ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಇವತ್ತೇ ನನ್ನ ಪರವಾನಗಿ ಹೋಗುತ್ತದೆ, ಡಾಕ್ಟರ ಕಾಗದ ಆಮೇಲೆ ಬರುತ್ತದೆ ಅಷ್ಟೆ. ಮುಂದೆ ನಾನು ಈ ಕರಾವಳಿಯಲ್ಲಿ ಉಳಿದವರ ಹಾಗೆ ಟಿಕೆಟ್ ಕೊಂಡು ಹೋಗುವವನು. ಇಲ್ಲಿನ ಒಂದೊಂದು ಬಂಡೆಯ ಹೆಸರೂ ಗೊತ್ತಿದ್ದು, ಯಾರೂ ಕೇಳದವನು. ಹೇಳದೆ ಹೋದರೆ ಇನ್ನೂ ಒಂದೆರಡು ವರ್ಷ ನಡೆಯಬಹುದು. ಕಲಿತದ್ದು ಅಷ್ಟಿದೆ, ಮೋಸ ಮಾಡಲು ಅದು ಸಾಕು. ಲಿಫ್ಟಿನ ಆ ಮುದುಕಿ ನಿದ್ದೆ ಮಾಡುತ್ತಾಳೆ.

ಇದನ್ನು ಬರೆಯುತ್ತಿರುವಾಗ ಅಪ್ಪನ ಕೊನೆಯ ಹಡಗು ನನ್ನ ಎದುರಿಗೇ ಇದೆ. ಅಂಥದ್ದೇ ಮುಸ್ಸಂಜೆ, ನಮ್ಮ ದ್ವೀಪದ ಆಚೆಯ ಬಂಡೆ, ಸರಕು ಹಡಗಿನ ಹೊಟ್ಟೆ ಸೀಳಿದ್ದು. ಜನ ಎಲ್ಲರೂ ಉಳಿದರು. ವಿಚಾರಣೆಯಲ್ಲಿ ಅಪ್ಪ, "ದೀಪ ಬಿಳಿ ಇತ್ತು. ಕಾವಲಿನವನು ಕೂಗಲಿಲ್ಲ" ಎಂದ. ಮೂವತ್ತು ವರ್ಷ ಒಂದು ಗೀರೂ ಮಾಡದ ಪೈಲಟ್‌ನ ಮಾತು, ಊರು ನಂಬಿತು. ನಾವೂ ನಂಬಿದೆವು. ಆಮೇಲೆ ಮೊಣಕಾಲು ನೋವೆಂದು ಅವನು ಕೆಲಸ ಬಿಟ್ಟ. ಪತ್ರಿಕೆ ಓದುವುದನ್ನೂ ಬಿಟ್ಟ. "ಮಸಿ ಉಳಿಸ್ತಿದಾರೆ ನನ್ಮಕ್ಕಳು, ಅಕ್ಷರಾನೇ ಇಲ್ಲ" ಎನ್ನುತ್ತಿದ್ದ. ನಾವು ನಗುತ್ತಿದ್ದೆವು.

ಅವನು ಸುಳ್ಳುಗಾರನಲ್ಲ, ಅಕ್ಕ. ಇದನ್ನು ನಿನಗೆ ಆಣೆ ಮಾಡಿ ಹೇಳಬಲ್ಲೆ, ಏಕೆಂದರೆ ನಿನ್ನೆಯಿಂದ ನಾನು ಅವನೊಳಗೆ ನಿಂತಿದ್ದೇನೆ. ಕಣ್ಣು ಕಾಣದ್ದನ್ನು ಕಿವಿಯೂ ಕೈಬಿಡುತ್ತದೆ. ಅವನಿಗೂ ಕೂಗು ಕೇಳಿಸಿರಲಿಕ್ಕಿಲ್ಲ. ಅವನು ಸತ್ತಾಗಲೂ ತಾನು ಹೇಳಿದ್ದು ಸತ್ಯವೆಂದೇ ನಂಬಿದ್ದ. ನನಗೆ ಹೆದರಿಕೆಯಾಗುವುದು ಅದಕ್ಕೇ.

ಕಿಟಕಿಯಾಚೆ ಮೋಡ ಏಳುತ್ತಿದೆ. ಬೆಟ್ಟದ ನೆತ್ತಿಯಲ್ಲಿ ಹೊಸ ಹಿಮ. ಬೆಳಗ್ಗೆ ಇದೂ ಇತ್ತು, ಮುಚ್ಚಿತ್ತು. ಇಷ್ಟು ಎತ್ತರವೆಂದು ತಿಳಿದಿದ್ದ ಬೆಟ್ಟದ ಮೇಲೆ ಅಷ್ಟೇ ಎತ್ತರದ ಇನ್ನೊಂದು ಬೆಟ್ಟ. ಕಣ್ಣಿನ ಅಂಚಿನಲ್ಲಿ ಅದನ್ನು ಹಿಡಿದುಕೊಂಡು ನೋಡುತ್ತಿದ್ದೇನೆ. ನನ್ನನ್ನು ಇಷ್ಟು ವರ್ಷ ಇದರ ನಡುವೆ ಓಡಾಡಲು ಬಿಟ್ಟರಲ್ಲ, ಯಾರು ಬಿಟ್ಟರೋ, ಅವರಿಗೆ ಏನೆಂದು ಹೇಳಬೇಕೋ ತಿಳಿಯುತ್ತಿಲ್ಲ.

ಈ ಕಾಗದ ಮಡಿಸಿ ಇಟ್ಟು ತೆಲೆಸ್ ಬಳಿ ಹೋಗುತ್ತೇನೆ. ರೊಡೆಲ್‌ನನ್ನೂ ಅಲ್ಲಿಗೇ ಕರೆಸು ಎನ್ನುತ್ತೇನೆ. ಅವನ ಎದುರಿಗೇ ಹೇಳಬೇಕು. ಒಡ್‌ರುನ್ ಒಬ್ಬಳೇ ಹಡಗನ್ನು ಮುಂದಿನ ಬಂದರಾದ ಓಲೆಸುಂಡಿನವರೆಗೆ ಒಯ್ಯಬಲ್ಲಳು. ನಾಳೆ ನಾನು ಅಲ್ಲಿ ಇಳಿಯುತ್ತೇನೆ.

ನೀನೂ ಒಮ್ಮೆ ಕಣ್ಣು ತೋರಿಸು. ತಡ ಮಾಡಬೇಡ, ತಡ ಮಾಡುವ ಚಾಳಿ ನನಗಿರಲಿ. ನೀನಿರುವ ವಾದ್ಸೋದಲ್ಲಿ ಆಗಲೇ ಚಳಿ ಇಳಿದಿರಬೇಕು, ಒಲೆಗೆ ಸೌದೆ ತರಲು ನೀನೇ ಹೋಗಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಐಲರ್ಟ್

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬಾರದ್ದು: ಅಪ್ಪನ ಕೊನೆಯ ಹಡಗಿನ ಆ ಕಾವಲಿನವನ ಹೆಸರನ್ನು ಮನೆಯಲ್ಲಿ ಎತ್ತಕೂಡದೆಂದು ನೀನು ಹೇಳಿದ ಮೇಲೆ ನಾವ್ಯಾರೂ ಎತ್ತಿಲ್ಲ. ಇವತ್ತು ಎತ್ತುತ್ತೇನೆ. ಟೋರ್ಗೈರ್ ಕೂಗಿದ್ದ, ಅಕ್ಕ. ವಿಚಾರಣೆ ಮುಗಿದ ದಿನ ಅವನು ನಮ್ಮ ಅಂಗಳಕ್ಕೆ ಬಂದು, "ನೀನೊಬ್ಬಳು ನಂಬಿದ್ರೆ ಸಾಕು" ಎಂದ. ನೀನು ನಿಶ್ಚಿತಾರ್ಥದ ಉಂಗುರ ಬಿಚ್ಚಿ ಅವನ ಕೈಗಿಟ್ಟು, "ನಮ್ಮಪ್ಪ ಸುಳ್ಳು ಹೇಳಲ್ಲ" ಎಂದೆ. ನಾನು ಕಿಟಕಿಯ ಹಿಂದೆ ಇದ್ದೆ. ಆಗ ನನಗೆ ನಿನ್ನ ಮೇಲೆ ಹೆಮ್ಮೆಯಾಗಿತ್ತು. ಆಮೇಲೆ ಅವನಿಗೆ ಯಾವ ಹಡಗೂ ಸಿಗಲಿಲ್ಲ. ನಿನ್ನ ಬದುಕಿಗೂ ಇನ್ನೊಬ್ಬ ಬರಲೇ ಇಲ್ಲ.

ಅವನು ಓಲೆಸುಂಡಿನಲ್ಲಿದ್ದಾನೆ, ಬಂದರಿನ ಹಿಂದಿನ ಬೀದಿಯಲ್ಲಿ. ಹೆಂಡತಿ, ಮಕ್ಕಳು, ಮೊಮ್ಮಕ್ಕಳಿದ್ದಾರೆ. ನಾಳೆ ಇಳಿದವನೇ ಅವನ ಮನೆಗೆ ಹೋಗುತ್ತೇನೆ. ನಿನ್ನನ್ನು ಕೇಳದೆ ತೀರ್ಮಾನಿಸಿದ್ದೇನೆ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ನಾನು ನಿನ್ನ ಮಾತು ಮೀರುತ್ತಿರಲಿಲ್ಲ. ಅಪ್ಪನ ಕಣ್ಣಿನ ವಿಷಯ ಹೇಳುತ್ತೇನೆ. ಅವನು ನಿನ್ನ ಬಗ್ಗೆ ಕೇಳಿದರೆ, ಇದ್ದಾಳೆ, ಅವಳಿಗೂ ಎಲ್ಲ ಬರೆದಿದ್ದೇನೆ ಎನ್ನುತ್ತೇನೆ. ಕೇಳದಿದ್ದರೆ ಎದ್ದು ಬರುತ್ತೇನೆ.